ಮಗುವಿನ ಮೈಮೇಲೆ ಏನೋ ಬೇರೆ ಥರ ಕಂಡರೆ: ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಇಂಥವು ಕಣ್ಣಿಗೆ ಬೀಳುವುದು ಹೆಚ್ಚಾಗಿ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಿನಲ್ಲಿ. ಸೊಂಟದ ಕೆಳಗೆ ನೀಲಿ ಕಲೆ. ಕಿವಿಯ ಮುಂದೆ ಸೂಜಿಮೊನೆಯಷ್ಟು ತೂತು. ಬೆನ್ನಿನ ಕೊನೆಯಲ್ಲಿ ಒಂದು ಗುಳಿ. ಒಳಕ್ಕೆ ತಿರುಗಿದ ಪಾದ. ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ನಮ್ಮ ಮನೇಲಿ ಎಲ್ಲರಿಗೂ ಇತ್ತು, ಹೋಗುತ್ತೆ ಬಿಡು" ಎಂದು ಒಬ್ಬರು. "ಗ್ರಹಣದ ದಿನ ಹೊರಗೆ ಹೋಗಿದ್ದೆಯಾ?" ಎಂದು ಇನ್ನೊಬ್ಬರು. ಬಾಣಂತಿಗೆ ಆ ರಾತ್ರಿ ನಿದ್ದೆ ಇಲ್ಲ.

ಕಂಡದ್ದು ಎಷ್ಟು ದೊಡ್ಡದು, ನೋಡಲು ಎಷ್ಟು ವಿಚಿತ್ರ ಅನ್ನುವುದರ ಮೇಲೆ ನಮ್ಮ ಭಯ ನಿಂತಿರುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಇದಕ್ಕೆ ಗಡುವು ಇದೆಯಾ? ಕಣ್ಣಿಗೆ ರಾಚುವ ಎಷ್ಟೋ ಕಲೆಗಳಿಗೆ ಯಾವ ಚಿಕಿತ್ಸೆಯೂ ಬೇಡ. ಯಾರೂ ಗಮನಿಸದ ಬಿಳಿಚಿದ ಮಲಕ್ಕೆ ಎರಡು ತಿಂಗಳ ಸಮಯವೂ ಇರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯನ್ನು ಗಡುವಿನ ಲೆಕ್ಕದಲ್ಲೇ ಬರೆದಿದ್ದೇನೆ.

1. ಇವತ್ತೇ ಹೊರಡಬೇಕಾದದ್ದೇ, ನೋಡಿಕೊಳ್ಳಿ

ಈ ಕೆಳಗಿನವುಗಳಲ್ಲಿ ಒಂದು ಇದ್ದರೂ ಮುಂದೆ ಓದುತ್ತಾ ಕೂರಬೇಡಿ. ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

- ತುಟಿ ಅಥವಾ ನಾಲಿಗೆ ನೀಲಿಯಾಗಿದೆ. (ಹುಟ್ಟಿದ ಮೊದಲ ಒಂದೆರಡು ದಿನ ಅಂಗೈ, ಅಂಗಾಲು ಮಾತ್ರ ನೀಲಿಯಾಗಿ ಕಾಣುವುದು ಸಾಮಾನ್ಯ.)
- ಮಗು ಅಳದೆ ಇರುವಾಗಲೂ, ನೆಟ್ಟಗೆ ಎತ್ತಿಕೊಂಡಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದೆ. ಜೊತೆಗೆ ಜ್ವರ, ವಾಂತಿ ಅಥವಾ ಮಂಪರು ಇದ್ದರಂತೂ ಒಂದು ಗಳಿಗೆಯೂ ತಡ ಬೇಡ.
- ತೊಡೆಸಂದಿನಲ್ಲಿ ಗಡ್ಡೆಯಂತೆ ಉಬ್ಬಿದೆ, ಗಟ್ಟಿಯಾಗಿದೆ, ಮುಟ್ಟಿದರೆ ಮಗು ಚೀರುತ್ತದೆ.
- ಬೆನ್ನಿನ ಮೇಲೆ ಚರ್ಮ ಕೂಡಿಕೊಂಡಿಲ್ಲ, ಅಥವಾ ಗುಳಿಯಿಂದ ನೀರು ಒಸರುತ್ತಿದೆ.
- ಹುಟ್ಟಿದ 24 ಗಂಟೆಯೊಳಗೇ ಮೈ ಹಳದಿಯಾಗಿದೆ, ಅಥವಾ ಹಳದಿ ಅಂಗೈ ಅಂಗಾಲಿನವರೆಗೂ ಇಳಿದಿದೆ.
- ಜನನಾಂಗ ನೋಡಿದರೆ ಗಂಡೋ ಹೆಣ್ಣೋ ಸ್ಪಷ್ಟವಾಗುತ್ತಿಲ್ಲ. ಇದನ್ನು ನಾಚಿಕೆಯಿಂದ ಮುಚ್ಚಿಡುವವರೇ ಜಾಸ್ತಿ. ಇದರ ಹಿಂದೆ ಕೆಲವೊಮ್ಮೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆ ಇರುತ್ತದೆ. ಅದರಿಂದ ಮೈಯ ಉಪ್ಪಿನಂಶ ಸೋರಿಹೋಗಿ, ಮೊದಲ ಕೆಲವು ವಾರಗಳಲ್ಲೇ ಜೀವಕ್ಕೆ ಅಪಾಯವಾಗಬಹುದು.

2. ಹಗಲ ಬೆಳಕಿನಲ್ಲಿ ಒಮ್ಮೆ ಪೂರ್ತಿ ನೋಡಿ

ಅವಸರದ್ದು ಏನೂ ಇಲ್ಲ ಎಂದಾದ ಮೇಲೆ, ಮಗುವಿನ ಹೊಟ್ಟೆ ತುಂಬಿರುವಾಗ ಬೆಚ್ಚನೆಯ ಕೋಣೆಯಲ್ಲಿ ಬಟ್ಟೆ ತೆಗೆದು ನೋಡಿ. ಕಿಟಕಿಯ ಬೆಳಕು ಬೇಕು. ಟ್ಯೂಬ್‌ಲೈಟಿನಲ್ಲಿ ಹಳದಿ, ನೀಲಿ ಬಣ್ಣಗಳು ಸರಿಯಾಗಿ ತಿಳಿಯುವುದಿಲ್ಲ. ನೆತ್ತಿಯಿಂದ ಅಂಗಾಲಿನವರೆಗೆ ನೋಡಿ. ಬೆನ್ನು, ಕಿವಿಯ ಹಿಂಭಾಗ, ತೊಡೆಯ ಮಡಿಕೆ, ಬೆರಳ ಸಂದು ಬಿಡಬೇಡಿ.

ಗುರುತು ಹುಟ್ಟುವಾಗಲೇ ಇತ್ತಾ, ಆಮೇಲೆ ಬಂತಾ? ಬೆಳೆಯುತ್ತಿದೆಯಾ? ಎರಡೂ ಕೈ, ಎರಡೂ ಕಾಲು ಒಂದೇ ಥರ ಆಡುತ್ತಿವೆಯಾ? ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆಯಾ, ತೂಕ ಏರುತ್ತಿದೆಯಾ? ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಇನ್ನೊಂದು ಮುಖ್ಯ ಪ್ರಶ್ನೆ: ಗುರುತು ಒಂದೇನಾ, ಹಲವಾ? ಅಂಗೈಯಲ್ಲಿ ಒಂದೇ ಅಡ್ಡಗೆರೆ ಇದ್ದರೆ ಡೌನ್ ಸಿಂಡ್ರೋಮ್ ಎಂದು ಯಾರೋ ಹೇಳಿದ್ದನ್ನು ಕೇಳಿ ಗಾಬರಿಯಾಗುವವರು ಬಹಳ. ಆ ಗೆರೆ ಪೂರ್ತಿ ಆರೋಗ್ಯವಾಗಿರುವ ಎಷ್ಟೋ ಜನರ ಕೈಯಲ್ಲೂ ಇದೆ. ಮನೆಯ ದೊಡ್ಡವರ ಅಂಗೈ ತಿರುಗಿಸಿ ನೋಡಿ, ಅಲ್ಲೂ ಸಿಗಬಹುದು. ಆದರೆ ಆ ಗೆರೆಯ ಜೊತೆ ಮೈ ತೀರಾ ಸಡಿಲವಾಗಿದ್ದು, ಕಣ್ಣಿನ ಹೊರಮೂಲೆ ಮೇಲಕ್ಕೆ ಓರೆಯಾಗಿದ್ದು, ಹಾಲು ಕುಡಿಯಲೂ ಕಷ್ಟವಾಗುತ್ತಿದ್ದರೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಸಣ್ಣ ಸಣ್ಣ ವ್ಯತ್ಯಾಸಗಳು ಮೂರು ಅಥವಾ ಅದಕ್ಕಿಂತ ಜಾಸ್ತಿ ಒಟ್ಟಿಗೆ ಕಂಡಾಗ, ಹೃದಯ, ಮೂತ್ರಪಿಂಡದಂಥ ಒಳಗಿನ ಅಂಗಗಳನ್ನೂ ಪರೀಕ್ಷಿಸುವುದು ವಾಡಿಕೆ.

3. ಫೋಟೋ ತೆಗೆದಿಡಿ

ಪಕ್ಕದಲ್ಲಿ ಟೇಲರ್ ಟೇಪ್ ಇಟ್ಟು ಫೋಟೋ ತೆಗೆಯಿರಿ. ವಾರದ ನಂತರ ಅದೇ ಜಾಗ, ಅದೇ ಬೆಳಕಿನಲ್ಲಿ ಇನ್ನೊಂದು. "ಬೆಳೆದಿದೆ ಅನ್ನಿಸುತ್ತೆ ಡಾಕ್ಟ್ರೇ" ಎನ್ನುವುದಕ್ಕಿಂತ ಎರಡು ಫೋಟೋ ತೋರಿಸುವುದು ಎಷ್ಟೋ ಮೇಲು. ಅಳುವಾಗ ಮಾತ್ರ ಕಾಣುವ ಉಬ್ಬು ಇದ್ದರೆ ಸಣ್ಣ ವಿಡಿಯೋ ಮಾಡಿ. ಡಾಕ್ಟರ ಮುಂದೆ ಮಗು ಅಳದೆ ಸುಮ್ನೆ ಮಲಗಿಬಿಡಬಹುದು. ಈ ಫೋಟೋಗಳನ್ನು ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಾಳೆ ದೊಡ್ಡದಾಗುವ ಮಗುವಿಗೆ ಅದರ ಮೇಲೆ ಹಕ್ಕಿದೆ.

4. ಗಡುವು ಇಲ್ಲದವು

ಸೊಂಟ, ಪೃಷ್ಠದ ಮೇಲಿನ ನೀಲಿ ಬೂದು ಕಲೆಯಿಂದ ಶುರು ಮಾಡೋಣ. ನಮ್ಮ ಮಕ್ಕಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಮಂಗೋಲಿಯನ್ ಸ್ಪಾಟ್ ಎಂದು ಕರೆಯುತ್ತಾರೆ. ಬಣ್ಣ ಕೊಡುವ ಕಣಗಳು ಚರ್ಮದ ಆಳದ ಪದರದಲ್ಲಿ ಉಳಿದುಕೊಂಡಿರುತ್ತವೆ, ಅಷ್ಟೆ. ನೋವಿಲ್ಲ, ತುರಿಕೆಯಿಲ್ಲ. ಶಾಲೆಗೆ ಹೋಗುವ ವಯಸ್ಸಿಗೆ ಹೆಚ್ಚಿನವು ಮಾಸಿಹೋಗುತ್ತವೆ. ಅಮೆರಿಕ, ಇಂಗ್ಲೆಂಡ್, ಜರ್ಮನಿಯಂಥ ಕಡೆ ಇರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿ ಡೇಕೇರ್‌ನವರು ಇದನ್ನು ಹೊಡೆತದ ಗುರುತು ಎಂದು ತಪ್ಪು ತಿಳಿಯುವ ಸಂಭವ ಇದೆ. ಮೊದಲ ತಪಾಸಣೆಯಲ್ಲೇ ಮಗುವಿನ ದಾಖಲೆಯಲ್ಲಿ ಈ ಕಲೆ ಎಲ್ಲಿದೆ, ಎಷ್ಟಿದೆ ಎಂದು ಬರೆಸಿಬಿಡಿ. ಕಲೆ ಹೊಟ್ಟೆ, ಎದೆ, ಕೈಕಾಲಿಗೆಲ್ಲ ಹರಡಿದ್ದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ.

ರೆಪ್ಪೆಯ ಮೇಲೆ, ಹುಬ್ಬುಗಳ ನಡುವೆ ಕಾಣುವ ತೆಳು ಗುಲಾಬಿ ಮಚ್ಚೆ ಒಂದೆರಡು ವರ್ಷದಲ್ಲಿ ಹೋಗುತ್ತದೆ. ಕತ್ತಿನ ಹಿಂದಿನದು ಹಾಗೇ ಉಳಿದರೂ ಕೂದಲು ಮುಚ್ಚಿಕೊಳ್ಳುತ್ತದೆ. ಮೂಗಿನ ಮೇಲಿನ ಬಿಳಿ ಚುಕ್ಕೆ, ಮೊದಲ ವಾರದ ಕೆಂಪು ಗುಳ್ಳೆ, ಸುಲಿಯುವ ಚರ್ಮ, ಭುಜದ ಮೇಲಿನ ನುಣುಪು ಕೂದಲು ಯಾವುದಕ್ಕೂ ಏನೂ ಮಾಡಬೇಕಿಲ್ಲ. ಬಾಯೊಳಗೆ ಅಂಗಳದಲ್ಲಿ ಅಥವಾ ವಸಡಿನ ಮೇಲೆ ಕಾಣುವ ಮುತ್ತಿನಂಥ ಬಿಳಿ ಕಾಳುಗಳು ಹಲ್ಲಲ್ಲ, ಕೆಲವು ವಾರದಲ್ಲಿ ಮಾಯವಾಗುತ್ತವೆ.

ಗಂಡಾಗಲಿ ಹೆಣ್ಣಾಗಲಿ, ಮಗುವಿನ ಎದೆ ಊದಿಕೊಂಡು ಹನಿ ಹಾಲು ಬರಬಹುದು. ಹೆಣ್ಣು ಮಗುವಿಗೆ ಮೊದಲ ವಾರದಲ್ಲಿ ಬಿಳಿ ಸ್ರಾವ ಅಥವಾ ಒಂದೆರಡು ಹನಿ ರಕ್ತ ಕಾಣಬಹುದು. ತಾಯಿಯ ಹಾರ್ಮೋನು ಇನ್ನೂ ಮಗುವಿನ ಮೈಯಲ್ಲಿದೆ ಎಂದಷ್ಟೇ ಇದರ ಅರ್ಥ.

ಸಹಜ ಹೆರಿಗೆಯಲ್ಲಿ ಹುಟ್ಟಿದ ಮಗುವಿನ ತಲೆ ಉದ್ದವಾಗಿ ಕಂಡರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಒಂದು ಬದಿಯಲ್ಲಿ ಮೆತ್ತಗಿನ ಊತ ಇದ್ದರೆ, ಅದು ತಲೆಬುರುಡೆಯ ಮೇಲೆ ನಿಂತ ರಕ್ತ. ಕರಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆ ರಕ್ತ ಕರಗುವಾಗ ಕಾಮಾಲೆ ಹೆಚ್ಚಬಹುದಾದ್ದರಿಂದ ಮೈಬಣ್ಣದ ಮೇಲೆ ಕಣ್ಣಿಡಿ.

ಹೊಕ್ಕುಳು ಅತ್ತಾಗ ಉಬ್ಬಿ, ಸುಮ್ಮನಾದಾಗ ಒಳಗೆ ಹೋಗುತ್ತಿದ್ದರೆ ಅದು ಹೊಕ್ಕುಳ ಹರ್ನಿಯಾ. ಬಹುಪಾಲು ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ತೊಡೆಸಂದಿನ ಹರ್ನಿಯಾ ಹಾಗಲ್ಲ. ಅದು ತಾನಾಗಿ ಮುಚ್ಚುವುದಿಲ್ಲ, ಆಪರೇಷನ್ ಬೇಕೇ ಬೇಕು. ಎರಡನ್ನೂ ಒಂದೇ ಎಂದುಕೊಂಡು ಕಾಯುತ್ತಾ ಕೂರಬೇಡಿ.

5. ಗಡುವು ಇರುವವು

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

*ಬಿಳಿಚಿದ ಮಲ.* ನವಜಾತ ಮಕ್ಕಳಿಗೆ ಕಾಮಾಲೆ ಸಾಮಾನ್ಯ. ಆದರೆ 14 ದಿನ ದಾಟಿದ ಮೇಲೂ ಕಣ್ಣು ಹಳದಿಯಾಗಿದ್ದು, ಮಲ ಸುಣ್ಣದ ಬಣ್ಣಕ್ಕೆ ಅಥವಾ ಬೂದು ಬಣ್ಣಕ್ಕೆ ತಿರುಗಿ, ಮೂತ್ರ ಬಟ್ಟೆಯಲ್ಲಿ ಗಾಢ ಹಳದಿ ಕಲೆ ಬಿಡುತ್ತಿದ್ದರೆ, ಪಿತ್ತನಾಳ ಮುಚ್ಚಿಹೋಗಿರುವ ಸಾಧ್ಯತೆ ಇದೆ. ಬಿಲಿಯರಿ ಅಟ್ರೇಸಿಯಾ ಎಂದು ಇದರ ಹೆಸರು. ಜಪಾನಿನ ಸರ್ಜನ್ ಮೊರಿಯೊ ಕಸಾಯಿ ರೂಪಿಸಿದ ಶಸ್ತ್ರಚಿಕಿತ್ಸೆ ಮಗುವಿಗೆ 60 ದಿನ ತುಂಬುವ ಮೊದಲು ಆದರೆ ಫಲ ಚೆನ್ನಾಗಿರುತ್ತದೆ. ತಡವಾದಷ್ಟೂ ಪಿತ್ತಜನಕಾಂಗ ಗಟ್ಟಿಯಾಗುತ್ತಾ ಹೋಗುತ್ತದೆ. "ಬಿಸಿಲಿಗೆ ಹಿಡಿ, ಹೋಗುತ್ತೆ" ಎನ್ನುವ ಮಾತು ಇಲ್ಲಿ ಮಗುವಿನ ಜೀವವನ್ನೇ ತೆಗೆಯಬಹುದು. ಡೈರೆಕ್ಟ್ ಬಿಲಿರುಬಿನ್ ಎಂಬ ರಕ್ತ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ.

*ಕಣ್ಣಿನ ಪಾಪೆಯಲ್ಲಿ ಬಿಳಿ.* ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬಿಳಿಯಾಗಿ ಹೊಳೆದರೆ ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿ. ಒಮ್ಮೊಮ್ಮೆ ಕ್ಯಾಮೆರಾದ ಕೋನದಿಂದಲೂ ಹಾಗೆ ಕಾಣುತ್ತದೆ, ನಿಜ. ಆದರೆ ಅದು ಹುಟ್ಟಿನಿಂದ ಬಂದ ಪೊರೆ ಇರಬಹುದು, ಅಥವಾ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರ್ ಇರಬಹುದು. ದೃಷ್ಟಿಗೆ ತೀರಾ ಅಡ್ಡ ಬರುವ ಪೊರೆಯನ್ನು ಮೊದಲ ಎರಡು ತಿಂಗಳಲ್ಲೇ ತೆಗೆಯುವುದು ಒಳ್ಳೆಯದು. ಆ ವಯಸ್ಸಿನಲ್ಲಿ ಮಿದುಳು ನೋಡುವುದನ್ನು ಕಲಿಯುತ್ತಿರುತ್ತದೆ. ಬೆಳಕೇ ಹೋಗದ ಕಣ್ಣನ್ನು ಅದು ಕೈಬಿಡುತ್ತದೆ.

*ಬೆನ್ನಿನ ಕೊನೆಯ ಗುಳಿ.* ಗುಳಿ ಗುದದ್ವಾರದಿಂದ ಎರಡೂವರೆ ಸೆಂಟಿಮೀಟರಿನೊಳಗೆ ಇದೆ, ಅಗಲ ಅರ್ಧ ಸೆಂಟಿಮೀಟರಿಗಿಂತ ಕಡಿಮೆ, ತಳ ಕಾಣುತ್ತದೆ, ಸುತ್ತ ಕೂದಲಿನ ಗುಚ್ಛವಾಗಲಿ ಗಡ್ಡೆಯಾಗಲಿ ಕೆಂಪು ಕಲೆಯಾಗಲಿ ಇಲ್ಲ: ಇಷ್ಟಿದ್ದರೆ ಚಿಂತೆ ಬೇಡ. ಇದಕ್ಕಿಂತ ಬೇರೆಯಾಗಿದ್ದರೆ ಬೆನ್ನುಹುರಿಯನ್ನು ಸ್ಕ್ಯಾನ್ ಮಾಡಿಸಬೇಕು. ಮೊದಲ ಮೂರ್ನಾಲ್ಕು ತಿಂಗಳು ಬೆನ್ನುಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರದ ಕಾರಣ ಮಾಮೂಲಿ ಅಲ್ಟ್ರಾಸೌಂಡಿನಲ್ಲೇ ಒಳಗಿನದು ಕಾಣುತ್ತದೆ. ಆಮೇಲೆ ಎಂಆರ್‌ಐ ಬೇಕಾಗುತ್ತದೆ, ಅದಕ್ಕೆ ಪುಟ್ಟ ಮಗುವನ್ನು ಔಷಧಿ ಕೊಟ್ಟು ಮಲಗಿಸಬೇಕಾಗಬಹುದು. ಕೆಲವು ವಾರ ಮುಂಚೆ ಹೋಗುವುದರಿಂದ ಇಷ್ಟೆಲ್ಲ ತಪ್ಪುತ್ತದೆ.

*ಒಳಕ್ಕೆ ತಿರುಗಿದ ಪಾದ.* ಹೊಟ್ಟೆಯೊಳಗೆ ಮಡಚಿ ಮಲಗಿದ್ದರಿಂದ ಹಾಗೆ ಕಾಣುತ್ತಿದ್ದರೆ, ಮೆಲ್ಲಗೆ ಬೆರಳು ತಾಗಿಸಿದರೂ ಪಾದ ನೇರಕ್ಕೆ ಬರುತ್ತದೆ. ಬರದಿದ್ದರೆ ಅದು ಕ್ಲಬ್‌ಫುಟ್. ಬಲವಂತ ಮಾಡಬೇಡಿ. ಅಮೆರಿಕದ ಅಯೋವಾದಲ್ಲಿದ್ದ ಇಗ್ನೇಷಿಯೊ ಪೊನ್ಸೆಟಿ ಎಂಬ ಡಾಕ್ಟರು ರೂಪಿಸಿದ ವಿಧಾನ ಈಗ ನಮ್ಮಲ್ಲೂ ಬಳಕೆಯಲ್ಲಿದೆ. ವಾರಕ್ಕೊಮ್ಮೆ ಪಾದವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್ ಆಗುವ ಹೊತ್ತಿಗೆ ಪಾದ ನೇರವಾಗುತ್ತದೆ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ನರದಂಥ ಪಟ್ಟಿಯಲ್ಲಿ ಸಣ್ಣ ಕೊಯ್ತವೂ ಬೇಕಾಗುತ್ತದೆ. ಮೊದಲ ಕೆಲವು ವಾರಗಳಲ್ಲೇ ಶುರು ಮಾಡಿದರೆ ಕೆಲಸ ಸುಲಭ. ಆದರೆ ನಿಜವಾದ ಪರೀಕ್ಷೆ ಆಮೇಲೆ. ಎರಡು ಬೂಟುಗಳ ನಡುವೆ ಸರಳಿರುವ ಬ್ರೇಸನ್ನು ಮೂರು ತಿಂಗಳು ಹೆಚ್ಚೂಕಡಿಮೆ ಇಡೀ ದಿನ, ಅನಂತರ ನಾಲ್ಕು ವರ್ಷದವರೆಗೆ ಮಲಗುವಾಗ ಹಾಕಬೇಕು. ಪಾದ ನೇರ ಆಯಿತಲ್ಲ ಎಂದು ಬ್ರೇಸ್ ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಮಗು ಅತ್ತಾಗ ಮನಸ್ಸು ಕರಗುವುದು ಸಹಜ, ಆದರೂ ಇಲ್ಲಿ ಗಟ್ಟಿಯಾಗಿರಿ.

*ಕೆಂಪಗೆ ಉಬ್ಬುವ ಮಚ್ಚೆ.* ಹುಟ್ಟುವಾಗ ಇರದೆ, ಒಂದೆರಡು ವಾರದ ಮೇಲೆ ಚುಕ್ಕೆಯಾಗಿ ಶುರುವಾಗಿ ಬೆಳೆಯುತ್ತಾ ಹೋಗುವುದು ಹೀಮ್ಯಾಂಜಿಯೋಮಾ. ಮೊದಲ ಮೂರು ತಿಂಗಳು ಬೇಗ ಬೆಳೆಯುತ್ತದೆ, ಮುಂದೆ ವರ್ಷಗಳಲ್ಲಿ ತಾನಾಗಿ ಕುಗ್ಗುತ್ತದೆ. ಬೆನ್ನ ಮೇಲೋ ತೋಳಿನ ಮೇಲೋ ಸಣ್ಣದಾಗಿದ್ದರೆ ಬಿಟ್ಟುಬಿಡಬಹುದು. ಕಣ್ಣು, ಮೂಗು, ತುಟಿ, ಗದ್ದ ಅಥವಾ ಗುದದ ಹತ್ತಿರ ಇದ್ದರೆ ಒಂದು ತಿಂಗಳಾಗುವಷ್ಟರಲ್ಲೇ ತೋರಿಸಿ. ಐದು ಅಥವಾ ಹೆಚ್ಚು ಇದ್ದರೆ ಹೊಟ್ಟೆಯ ಸ್ಕ್ಯಾನ್ ಬೇಕು. ಹೃದಯದ ಕಾಯಿಲೆಗೆ ಕೊಡುವ ಪ್ರೊಪ್ರನಲಾಲ್ ಎಂಬ ಔಷಧಿ ಇದನ್ನು ಕುಗ್ಗಿಸುತ್ತದೆ ಎಂದು 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಡಾಕ್ಟರುಗಳು ತಿಳಿಸಿದರು. ಬೆಳೆಯುವ ಹಂತದಲ್ಲೇ ಕೊಟ್ಟರೆ ಅದರ ಗುಣ ಜಾಸ್ತಿ. ಇದಕ್ಕೆ ಬೇರೆಯದು, ಹುಟ್ಟಿನಿಂದಲೇ ಹಣೆ ಮತ್ತು ರೆಪ್ಪೆಯ ಒಂದೇ ಬದಿಗೆ ಚಪ್ಪಟೆಯಾಗಿ ಹರಡಿದ ಗಾಢ ಕೆಂಪು ಕಲೆ. ಅದು ಮಾಸುವುದಿಲ್ಲ. ಕಣ್ಣಿನ ಒತ್ತಡವನ್ನೂ ಮಿದುಳನ್ನೂ ಪರೀಕ್ಷಿಸಬೇಕು.

*ತಲೆಯ ಆಕಾರ.* ಒಂದೇ ಬದಿಗೆ ಮಲಗಿ ಚಪ್ಪಟೆಯಾದ ತಲೆ, ಬದಿ ಬದಲಿಸುತ್ತಾ ಇದ್ದರೆ ಮತ್ತು ಎಚ್ಚರವಿರುವಾಗ ಬೋರಲು ಮಲಗಿಸಿ ಆಡಿಸಿದರೆ ಸುಧಾರಿಸುತ್ತದೆ. ಆದರೆ ತಲೆಬುರುಡೆಯ ಮೇಲೆ ಏಣಿನಂತೆ ಗೆರೆ ಉಬ್ಬಿ, ತಲೆ ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ಮೂಳೆಗಳು ಬೇಗ ಬೆಸೆದುಕೊಂಡಿರಬಹುದು. ಆರು ತಿಂಗಳ ಮೊದಲೇ ಸರ್ಜನ್ ನೋಡಿದರೆ ಚಿಕ್ಕ ಆಪರೇಷನ್ನಿನಲ್ಲಿ ಮುಗಿಯುವ ಸಾಧ್ಯತೆ ಇದೆ. ಪ್ರತಿ ಸಲ ತಲೆಯ ಸುತ್ತಳತೆ ಬರೆಸಿ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಏರಬೇಕು.

*ಗಂಡು ಮಗುವಿನ ವಿಚಾರ.* ಬೀಜ ಚೀಲಕ್ಕೆ ಇಳಿದಿಲ್ಲವಾದರೆ ಆರು ತಿಂಗಳವರೆಗೆ ಕಾಯಬಹುದು. ಆಗಲೂ ಇಳಿಯದಿದ್ದರೆ ಒಂದು ವರ್ಷದ ಆಸುಪಾಸಿನಲ್ಲಿ ಆಪರೇಷನ್ ಮಾಡುತ್ತಾರೆ. ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿದ್ದರೆ ಸುನ್ನತಿ ಮಾಡಿಸಬೇಡಿ. ಸರಿಪಡಿಸುವ ಆಪರೇಷನ್ನಿಗೆ ಸರ್ಜನ್‌ಗೆ ಅದೇ ಚರ್ಮ ಬೇಕಾಗುತ್ತದೆ.

*ಸೀಳುತುಟಿ.* ಇದಕ್ಕೆ ಆಪರೇಷನ್ ಸಾಮಾನ್ಯವಾಗಿ ಮೂರು ತಿಂಗಳ ಮೇಲೆ, ಬಾಯಿಯ ಅಂಗಳದ ಸೀಳಿಗೆ ಒಂದು ವರ್ಷದ ಆಸುಪಾಸಿನಲ್ಲಿ. ಅಲ್ಲಿಯವರೆಗಿನ ಕೆಲಸ ತೂಕ ಏರಿಸುವುದು. ಮಗುವನ್ನು ನೆಟ್ಟಗೆ ಕೂರಿಸಿದಂತೆ ಹಿಡಿದು, ಹಿಂಡಿದ ಎದೆಹಾಲನ್ನು ಒಳಲೆಯಲ್ಲೋ ಚಮಚದಲ್ಲೋ ಕೊಡಿ.

ಕಿವಿಯ ಮುಂದಿನ ತೂತು ಅಥವಾ ಚರ್ಮದ ಚೂರು ತೊಂದರೆ ಕೊಡುವುದು ಕಡಿಮೆ, ಆದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ನವಜಾತ ಮಕ್ಕಳಿಗೂ ಈ ಪರೀಕ್ಷೆ ಇದೆ.

6. ಮನೆಯಲ್ಲಿ ಏನು ಮಾಡಬಾರದು

ಹೊಕ್ಕುಳ ಮೇಲೆ ನಾಣ್ಯ ಇಟ್ಟು ಕಟ್ಟಬೇಡಿ, ಚರ್ಮ ಹುಣ್ಣಾಗಿ ಸೋಂಕು ತಗಲುತ್ತದೆ. ಊದಿದ ಎದೆಯಿಂದ ಹಾಲು ಹಿಂಡಬೇಡಿ, ಕೀವು ತುಂಬುತ್ತದೆ. ತಲೆಯನ್ನು ಉರುಟು ಮಾಡಲು ಒತ್ತಬೇಡಿ, ಮೂಗನ್ನು ಎಳೆಯಬೇಡಿ. ಆರನೇ ಬೆರಳಿಗೆ ದಾರ ಅಥವಾ ಕೂದಲು ಬಿಗಿಯಬೇಡಿ. ಒಳಗೆ ರಕ್ತನಾಳ, ನರ, ಕೆಲವೊಮ್ಮೆ ಮೂಳೆಯೂ ಇರುತ್ತದೆ. ಕಾಮಾಲೆಗೋ ಫಿಟ್ಸಿಗೋ ಬರೆ ಹಾಕಿಸುವುದು ಕೆಲವು ಕಡೆ ಇನ್ನೂ ನಡೆಯುತ್ತಿದೆ. ಅದು ಮಗುವಿಗೆ ಕೊಡುವ ಹಿಂಸೆ. ಯಾರು ಹೇಳಿದರೂ ಒಪ್ಪಬೇಡಿ.

7. ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ಬಟ್ಟೆ ತೆಗೆದು ತೋರಿಸಿ, ಮುಜುಗರ ಬೇಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (ಆರ್‌ಬಿಎಸ್‌ಕೆ) ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಕ್ಲಬ್‌ಫುಟ್, ಸೀಳುತುಟಿ, ಹುಟ್ಟು ಪೊರೆ, ಕಿವುಡು, ಹೃದಯದ ತೊಂದರೆ ಎಲ್ಲ ಆ ಪಟ್ಟಿಯಲ್ಲಿವೆ. ಮುಂದಿನ ಚಿಕಿತ್ಸೆಯ ದಾರಿಯನ್ನೂ ಅವರೇ ತೋರಿಸುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ "ಆರ್‌ಬಿಎಸ್‌ಕೆ ತಂಡದವರಿಗೆ ತೋರಿಸಬೇಕು" ಎಂದು ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಾದರೆ ಡಿಇಐಸಿ (ಇಂಥ ಮಕ್ಕಳ ತಪಾಸಣೆ, ಚಿಕಿತ್ಸೆಗೆಂದೇ ಇರುವ ಜಿಲ್ಲಾ ಕೇಂದ್ರ) ಎಲ್ಲಿದೆ ಎಂದು ವಿಚಾರಿಸಿ. ಬೆಂಗಳೂರಿನಲ್ಲಿ ಮಕ್ಕಳಿಗೇ ಎಂದಿರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ.

ಆರು ವಾರದ ಲಸಿಕೆಗೆ ಹೋದಾಗ ಕೇಳಿದರಾಯಿತು ಎಂದುಕೊಳ್ಳುವವರಿದ್ದಾರೆ. ಕಲೆ, ಮಚ್ಚೆಗಳಿಗೆ ಅದು ಸರಿ. ಮಲದ ಬಣ್ಣ, ಕಣ್ಣಿನ ಬಿಳಿ, ಪಾದ, ಕಣ್ಣು ಬಾಯಿ ಹತ್ತಿರ ಬೆಳೆಯುತ್ತಿರುವ ಕೆಂಪು ಮಚ್ಚೆ, ಈ ನಾಲ್ಕಕ್ಕೆ ಅಷ್ಟು ದಿನ ಕಾಯಬೇಡಿ.

ಡಾಕ್ಟರ ಮುಂದೆ ಕೂತಾಗ ಮೂರು ಪ್ರಶ್ನೆ ಕೇಳಿ. ಇದರ ಹೆಸರೇನು, ಬರೆದು ಕೊಡುತ್ತೀರಾ? ಏನಾದರೂ ಮಾಡಬೇಕಾದರೆ ಎಷ್ಟು ದಿನದೊಳಗೆ? ಏನು ಬದಲಾದರೆ ಬೇಗ ವಾಪಸ್ ಬರಬೇಕು? "ಏನೂ ಇಲ್ಲ ಹೋಗಿ" ಎಂಬ ಉತ್ತರ ಬಂದರೂ ಹೆಸರನ್ನು ಕೇಳಿಯೇ ಕೇಳಿ. ಹೆಸರಿದ್ದರೆ ಮುಂದಿನ ಡಾಕ್ಟರಿಗೆ ಹೇಳುವುದು ಸುಲಭ.

8. ತಾಯಿಯ ಮೇಲೆ ತಪ್ಪು ಹೊರಿಸುವವರಿಗೆ

ಮಗುವಿನ ತುಟಿ ಕೂಡಿಕೊಳ್ಳುವುದು ಬಸಿರಿನ ನಾಲ್ಕರಿಂದ ಏಳನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಆಗ ತಾನು ಬಸುರಿ ಎಂದೇ ಗೊತ್ತಿರುವುದಿಲ್ಲ. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೆ ತುಟಿ ಸೀಳುವುದಿಲ್ಲ. ಮನೆಯವರು ಇದನ್ನು ಬಾಣಂತಿಯ ಮುಂದೆಯೇ ಬಾಯಿಬಿಟ್ಟು ಹೇಳಬೇಕು. ಗಂಡ ಹೇಳಿದರೆ ಇನ್ನೂ ಒಳ್ಳೆಯದು. ಅವಳು ಊಟ ಬಿಟ್ಟು, ಮಗುವನ್ನು ಎತ್ತಿಕೊಳ್ಳದೆ, ಸದಾ ಅಳುತ್ತಾ ಎರಡು ವಾರ ಕಳೆದರೆ ಅವಳಿಗೂ ಡಾಕ್ಟರ ಸಹಾಯ ಬೇಕು.

ಮಗುವಿನ ಬೆನ್ನುಹುರಿ ಅಥವಾ ಬೆನ್ನುಮೂಳೆ ಹುಟ್ಟಿನಿಂದಲೇ ಕೂಡಿಕೊಳ್ಳದೆ ಇದ್ದಿದ್ದರೆ, ಮುಂದಿನ ಬಸಿರಿಗೆ ಮುಂಚೆಯೇ ಡಾಕ್ಟರನ್ನು ಕಂಡು ಫೋಲಿಕ್ ಆಸಿಡ್ ಶುರು ಮಾಡಿ. ಎಲ್ಲರಿಗೂ ಹೇಳುವ ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ. ಇಂಥ ಮಗು ಹೆತ್ತವರಿಗೆ ಅದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ, ಡಾಕ್ಟರೇ ಬರೆದುಕೊಡುತ್ತಾರೆ. ಬಸಿರು ನಿಂತ ಮೇಲೆ ಶುರು ಮಾಡಿದರೆ ತಡವಾಗಿರುತ್ತದೆ.